ಹೈಸ್ಕೂಲಿಗೆ ಹೋಗುವ ಎಂಜಿನಿಯರ್ ಚೀಲದಲ್ಲಿ ಏನಿರಬೇಕು

ಸೆಪ್ಟೆಂಬರ್ 15 ಹತ್ತಿರವಾದಂತೆ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಒಂದು ಮಾತು ಏಳುತ್ತದೆ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ, ಎಂಜಿನಿಯರುಗಳ ದಿನ, ಈ ಸಲ ಯಾವುದಾದರೂ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳ ಜೊತೆ ಮಾತಾಡಿ ಬರೋಣ. ಆಸೆ ಒಳ್ಳೆಯದೇ. ಆದರೆ ಹೋದವರಲ್ಲಿ ಹೆಚ್ಚಿನವರು ಮಾಡುವುದು ಭಾಷಣ. ಕಷ್ಟಪಟ್ಟು ಓದಿ, ದೊಡ್ಡ ಕನಸು ಕಾಣಿ ಎನ್ನುವ ಮಾತನ್ನು ಆ ಮಕ್ಕಳು ಪ್ರತಿ ಆಗಸ್ಟ್ ಹದಿನೈದಕ್ಕೂ ಕೇಳಿರುತ್ತಾರೆ. ಅದನ್ನು ಹೇಳಲು ಎಂಜಿನಿಯರೇ ಬೇಕಿಲ್ಲ.

ಎಂಜಿನಿಯರ್ ಕೊಡಬಹುದಾದದ್ದು ಬೇರೆ ಇದೆ. ಓಡದ ಒಂದು ವಸ್ತುವನ್ನು ಮುಂದಿಟ್ಟುಕೊಂಡು, ಯಾಕೆ ಓಡುತ್ತಿಲ್ಲ ಎಂದು ಒಂದೊಂದೇ ಕಾರಣ ತಳ್ಳಿಹಾಕುತ್ತ ಹೋಗುವ ಬಗೆ. ಈ ಕೆಲಸದ ರುಚಿ ಹತ್ತುವುದು ಅಲ್ಲಿಯೇ. ಅದನ್ನು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ, ಮಕ್ಕಳ ಕೈಯಲ್ಲೇ ಮಾಡಿಸಬೇಕು. ಹೇಗೆ ಎನ್ನುವುದೇ ಈ ಬರಹ. ಇಲ್ಲಿರುವ ಲೆಕ್ಕವೆಲ್ಲ ಕರ್ನಾಟಕದ ಸರ್ಕಾರಿ ಹೈಸ್ಕೂಲುಗಳನ್ನು, ಅದರಲ್ಲೂ 8 ಮತ್ತು 9ನೇ ತರಗತಿಯನ್ನು, ಮನಸ್ಸಿನಲ್ಲಿಟ್ಟುಕೊಂಡದ್ದು.

ಮೊದಲು ದಿನಾಂಕದ ಮಾತು. ಸೆಪ್ಟೆಂಬರ್ 15 ಶಾಲೆಗೆ ಅಷ್ಟು ಅನುಕೂಲದ ದಿನವಲ್ಲ. ಅರ್ಧವಾರ್ಷಿಕ ಪರೀಕ್ಷೆಯ ತಯಾರಿ ನಡೆದಿರುತ್ತದೆ, ದಸರಾ ರಜೆ ಎದುರಿಗಿರುತ್ತದೆ. ಜುಲೈ, ಆಗಸ್ಟ್ ಇಲ್ಲವೇ ನವೆಂಬರ್, ಡಿಸೆಂಬರ್ ಕೇಳಿ. ಜನವರಿಯ ನಂತರ 10ನೇ ತರಗತಿಯ ಕಡೆ ಸುಳಿಯಲೇಬೇಡಿ. ಪೂರ್ವಸಿದ್ಧತಾ ಪರೀಕ್ಷೆಗಳ ನಡುವೆ ಬರುವ ಅತಿಥಿ ಮೇಷ್ಟರಿಗೂ ಮಕ್ಕಳಿಗೂ ಹೊರೆ. ಒಂದೇ ಶಾಲೆಯಾದರೆ ಮುಖ್ಯ ಶಿಕ್ಷಕರಿಗೆ ಬರವಣಿಗೆಯಲ್ಲಿ ಮನವಿ ಕೊಡಿ. ತಾಲ್ಲೂಕಿನ ಹಲವು ಶಾಲೆಗಳಾದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅನುಮತಿ ಪಡೆಯಿರಿ. ಒಂದು ಪೀರಿಯಡ್ ಸಾಲದು, ಒಂದರ ಹಿಂದೆ ಒಂದು ಎರಡು ಪೀರಿಯಡ್ ಬೇಕು, ಅದೂ ಮಧ್ಯಾಹ್ನದ ಬಿಸಿಯೂಟಕ್ಕೆ ಮುಂಚೆ. ವಿಜ್ಞಾನದ ಶಿಕ್ಷಕರು ಕೊಠಡಿಯಲ್ಲೇ ಇರಬೇಕು ಎಂದು ನೀವೇ ಕೇಳಿಕೊಳ್ಳಿ. ಇದು ಮಕ್ಕಳ ಸುರಕ್ಷತೆಗೂ ಬೇಕು, ನೀವು ಹೋದ ಮೇಲೆ ಕೆಲಸ ಮುಂದುವರಿಯುವುದಕ್ಕೂ ಬೇಕು. ಮಕ್ಕಳ ಫೋನ್ ನಂಬರ್ ತೆಗೆದುಕೊಳ್ಳುವುದು, ಅನುಮತಿಯಿಲ್ಲದೆ ಫೋಟೊ ಹಾಕುವುದು ಎರಡೂ ಕೂಡದು.

ಹೋಗುವ ಮುಂಚೆ ಆ ತರಗತಿಯ ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕವನ್ನು ಒಮ್ಮೆ ಓದಿ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಸಿಗುತ್ತದೆ. ಅವರು ಕನ್ನಡದ ಪದಗಳಲ್ಲಿ ಕಲಿತಿರುವುದನ್ನು ನೀವು ಬರೀ ಇಂಗ್ಲಿಷಿನಲ್ಲಿ ಹೇಳಿದರೆ, ಗೊತ್ತಿದ್ದ ವಿಷಯವೂ ಅವರಿಗೆ ಗೊತ್ತಿಲ್ಲದಂತೆ ಕಾಣುತ್ತದೆ.

ಮೋಟಾರು: ಮೊದಲ ಭೇಟಿಗೆ ಇದೊಂದೇ ಸಾಕು

ತಂತಿ ಸುತ್ತಿ ಮಾಡುವ ಪುಟ್ಟ ಮೋಟಾರು ಹೊಸದೇನಲ್ಲ. ಆದರೂ ಇದನ್ನೇ ಹೇಳುವುದಕ್ಕೆ ಕಾರಣ, ಇದು ಮೊದಲ ಸಲಕ್ಕೆ ಬಹುತೇಕ ಓಡುವುದೇ ಇಲ್ಲ. ಓಡದಿರುವುದಕ್ಕೆ ಇರುವ ಕಾರಣಗಳು ಬೆರಳೆಣಿಕೆಯವು, ಎಲ್ಲವೂ ಕಣ್ಣಿಗೆ ಕಾಣುವಂಥವು, ಎಲ್ಲವನ್ನೂ ಮಕ್ಕಳೇ ಸರಿಮಾಡಬಹುದು. ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ಸಿಗುವುದು ಕಷ್ಟ.

ನಲವತ್ತೆಂಟು ಮಕ್ಕಳಿದ್ದರೆ ನಾಲ್ವರ ಹನ್ನೆರಡು ಗುಂಪು. ಸಾಮಾನು ಹದಿನಾಲ್ಕು ಗುಂಪಿಗೆ ಆಗುವಷ್ಟಿರಲಿ. ಒಂದು ಗುಂಪಿಗೆ ಬೇಕಾದದ್ದು: ದೊಡ್ಡ ಟಾರ್ಚಿಗೆ ಹಾಕುವ 1.5 ವೋಲ್ಟಿನ ಡಿ ಸೈಜಿನ ಮಾಮೂಲಿ ಸೆಲ್ ಒಂದು, ಐದು ಸೆಂಟಿಮೀಟರ್ ಉದ್ದದ ದೊಡ್ಡ ಸೇಫ್ಟಿ ಪಿನ್ನು ಎರಡು, 25 ಮಿಲಿಮೀಟರ್ ಅಗಲದ ಕಪ್ಪು ಫೆರೈಟ್ ಬಿಲ್ಲೆ ಅಯಸ್ಕಾಂತ ಒಂದು, 24 ಗೇಜಿನ ಎನಾಮೆಲ್ ತಂತಿ (ವಿದ್ಯುತ್ ದಾಟದ ತೆಳು ಲೇಪವಿರುವ ತಾಮ್ರದ ತಂತಿ) ಒಂದು ಮೀಟರ್, ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ಒತ್ತಿ ಹಿಡಿಯಲು ಹಳೆಯ ಬೈಕ್ ಟ್ಯೂಬಿನಿಂದ ಕತ್ತರಿಸಿದ ಒಂದು ರಬ್ಬರ್ ಬಳೆ, ಅಂಗೈಯಗಲ ಉಪ್ಪು ಕಾಗದ. ತಂತಿಯನ್ನು ಮೀಟರಿನಲ್ಲಿ ಮಾರುವುದಿಲ್ಲ, ತೂಕದಲ್ಲಿ ಮಾರುತ್ತಾರೆ. 24 ಗೇಜಿನ ತಂತಿ ನೂರು ಗ್ರಾಮಿಗೆ ಸುಮಾರು 45 ಮೀಟರ್ ಬರುತ್ತದೆ, ಹದಿನಾಲ್ಕು ಗುಂಪಿಗೆ ಧಾರಾಳ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಎಲ್ಲವೂ ಸಿಗುತ್ತದೆ, ನಿಜ. ಆದರೆ ತಂತಿಯನ್ನು ಆ ಊರಿನ ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲೇ ಕೊಳ್ಳಿ. ಇದೇ ತಂತಿಯಿಂದ ನಿಮ್ಮ ತೋಟದ ಪಂಪಿನ ಮೋಟಾರು ಸುತ್ತುತ್ತಾರೆ ಎಂದು ಹೇಳಿ, ಅಂಗಡಿಯ ಹೆಸರು ಹೇಳಿದರೆ ಅರ್ಧ ತರಗತಿಯ ಮುಖ ಅರಳುತ್ತದೆ. ಸಾಧ್ಯವಾದರೆ ಆ ಮೆಕ್ಯಾನಿಕ್ಕನ್ನೇ ಕರೆದುಕೊಂಡು ಹೋಗಿ, ಸುಟ್ಟುಹೋದ ಒಂದು ಸ್ಟೇಟರ್, ಅಂದರೆ ಮೋಟಾರಿನ ತಿರುಗದ ಭಾಗ, ಕೈಯಲ್ಲಿ ಹಿಡಿಸಿ.

ಎರಡು ಬೇಡದ ವಸ್ತುಗಳಿವೆ. ಪವರ್ ಬ್ಯಾಂಕ್ ಅಥವಾ ಲ್ಯಾಪ್‌ಟಾಪಿನಿಂದ ಬಿಚ್ಚಿದ ಲಿಥಿಯಂ ಸೆಲ್ ಬಳಸಲೇಬೇಡಿ. ಒಂದು ಮೀಟರ್ ತಂತಿಯ ರೋಧ ಬರೀ 0.07 ಓಮ್, ಹೆಚ್ಚುಕಡಿಮೆ ಶಾರ್ಟ್ ಸರ್ಕ್ಯೂಟ್. ಮಾಮೂಲಿ ಟಾರ್ಚ್ ಸೆಲ್ಲಿನ ಒಳರೋಧವೇ ಪ್ರವಾಹವನ್ನು ತಡೆದು ಕಾಪಾಡುತ್ತದೆ. ಲಿಥಿಯಂ ಸೆಲ್ ಹಾಗೆ ತಡೆಯುವುದಿಲ್ಲ, ತಂತಿ ಕಾದು ಕೈ ಸುಡುತ್ತದೆ, ಸೆಲ್ಲಿಗೇ ಬೆಂಕಿ ಹತ್ತಬಹುದು. ಎರಡನೆಯದು ಪುಟ್ಟ ನಿಯೋಡಿಮಿಯಂ ಅಯಸ್ಕಾಂತ. ಎರಡನ್ನು ನುಂಗಿದರೆ ಕರುಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ, ಆಪರೇಷನ್ನಿನವರೆಗೆ ಹೋಗುತ್ತದೆ. ಫೆರೈಟಿನ ಬಲ ಇಲ್ಲಿಗೆ ಸಾಕು. ಗೋಡೆಯ ಪ್ಲಗ್ಗಿನ 230 ವೋಲ್ಟಿನ ಹತ್ತಿರಕ್ಕೆ ಯಾವ ಪ್ರಯೋಗವೂ ಹೋಗಬಾರದು.

ಸುತ್ತುವುದು ಸುಲಭ. 22 ಮಿಲಿಮೀಟರ್ ಆಸುಪಾಸಿನ ದುಂಡಗಿನ ಗೋಂದಿನ ಕಡ್ಡಿಯ ಮೇಲೆ ಹನ್ನೆರಡು ಸುತ್ತು, ಎರಡೂ ಕಡೆ ಐದೈದು ಸೆಂಟಿಮೀಟರ್ ತುದಿ ಬಿಟ್ಟು. ಆ ತುದಿಗಳನ್ನು ಸುರುಳಿಗೆ ಎರಡೆರಡು ಸಲ ಸುತ್ತಿ ಬಿಗಿ ಮಾಡಿ ನೇರ ಎಳೆಯಬೇಕು. ತುದಿಗಳು ಒಂದೇ ಗೆರೆಯಲ್ಲಿರಬೇಕು. ಪಿನ್ನಿನ ಕಣ್ಣುಗಳಲ್ಲಿ ತೂರಿಸಿದರೆ ಅವೇ ಅಚ್ಚು, ಅವೇ ವಿದ್ಯುತ್ತಿನ ದಾರಿ. ಅಯಸ್ಕಾಂತ ಸೆಲ್ಲಿನ ಮೇಲೆ, ಸುರುಳಿಯ ನೇರ ಕೆಳಗೆ ಕೂರಬೇಕು.

ಇನ್ನು ಇಡೀ ಪಾಠ ನಿಂತಿರುವುದು ಮುಂದಿನ ಹೆಜ್ಜೆಯ ಮೇಲೆ. ಒಂದು ತುದಿಯ ಎನಾಮೆಲನ್ನು ಸುತ್ತಲೂ ಪೂರ್ತಿ ಕೆರೆಯಬೇಕು. ಇನ್ನೊಂದು ತುದಿಯನ್ನು ಅರ್ಧ ಮಾತ್ರ ಕೆರೆಯಬೇಕು: ಸುರುಳಿಯನ್ನು ಮೇಜಿನ ಅಂಚಿನಲ್ಲಿ ನಿಲ್ಲಿಸಿ ಹಿಡಿದು, ತಂತಿಯ ಮೇಲಿನ ಅರ್ಧ ಮೈಯನ್ನಷ್ಟೇ. ಎರಡೂ ತುದಿ ಪೂರ್ತಿ ಕೆರೆದರೆ ಸುರುಳಿ ಅರ್ಧ ತಿರುಗಿದ ಮೇಲೆ ಬಲದ ದಿಕ್ಕು ಉಲ್ಟಾ ಆಗಿ, ಅದು ಹಿಂದೆ ಮುಂದೆ ತೂಗಾಡುತ್ತದೆ. ಅರ್ಧ ಕೆರೆದರೆ ಆ ಉಲ್ಟಾ ಅರ್ಧದಲ್ಲಿ ಪ್ರವಾಹವೇ ಇರುವುದಿಲ್ಲ, ಬಂದ ವೇಗದಲ್ಲೇ ಸುರುಳಿ ಆ ಭಾಗವನ್ನು ದಾಟುತ್ತದೆ. ಸುರುಳಿಯನ್ನು ನಿಲ್ಲಿಸುವ ಬದಲು ಮೇಜಿನ ಮೇಲೆ ಮಲಗಿಸಿ ಕೆರೆದವರ ಗತಿಯೇ ಬೇರೆ. ಆಗ ಪ್ರವಾಹ ಹರಿಯುವುದು ಸುರುಳಿ ಮಲಗಿದ ಸ್ಥಿತಿಯ ಆಚೀಚೆ, ಅಂದರೆ ಅಯಸ್ಕಾಂತ ಅದನ್ನು ಹಿಡಿದು ನಿಲ್ಲಿಸುವ ಜಾಗದಲ್ಲೇ. ಸುರುಳಿ ಒಂದು ಸಲ ನಡುಗಿ ಅಲ್ಲೇ ನಿಂತುಬಿಡುತ್ತದೆ. ತಂತಿ ಸರಿ, ಸೆಲ್ ಸರಿ, ಕೆರೆದದ್ದೂ ಅರ್ಧವೇ, ಆದರೂ ತಿರುಗದು. ಇದನ್ನು ತಾವೇ ಕಂಡುಹಿಡಿದ ಗುಂಪಿಗೆ ಮೋಟಾರಿನ ಚಿತ್ರಗಳಲ್ಲಿ ಕಾಣುವ, ಪ್ರತಿ ಅರ್ಧ ಸುತ್ತಿಗೆ ಪ್ರವಾಹದ ದಿಕ್ಕು ಬದಲಿಸುವ ಒಡಕು ಉಂಗುರ ಯಾಕೆ ಬೇಕು ಎನ್ನುವುದು ಮತ್ತೆ ಹೇಳಬೇಕಾಗಿಲ್ಲ.

ಉಪ್ಪು ಕಾಗದದಲ್ಲಿ ಅರ್ಧ ಕೆರೆಯುವುದು ಮಕ್ಕಳಿಗೆ ಕಷ್ಟ, ಸುತ್ತಲೂ ಹೋಗಿಬಿಡುತ್ತದೆ. ಹಾಗಾದರೆ ಪೂರ್ತಿ ಕೆರೆದು, ಅರ್ಧ ಮೈಗೆ ಉಗುರುಬಣ್ಣ ಹಚ್ಚಿ ಐದು ನಿಮಿಷ ಒಣಗಲು ಬಿಡಲಿ. ಒಂದು ಶೀಷೆ ಚೀಲದಲ್ಲಿರಲಿ. ಬ್ಲೇಡ್ ಮಾತ್ರ ದೊಡ್ಡವರ ಕೈಯಲ್ಲೇ ಇರಬೇಕು.

ಓಡದಿದ್ದಾಗ ನೀವು ಕೈ ಹಾಕಬೇಡಿ. ಇದೇ ಎಲ್ಲಕ್ಕಿಂತ ಕಷ್ಟದ ನಿಯಮ. ಒಳ್ಳೆಯ ಎಂಜಿನಿಯರಿಗೆ ಕೈ ತಡೆಯುವುದಿಲ್ಲ, ಹತ್ತು ಸೆಕೆಂಡಿನಲ್ಲಿ ಸರಿಮಾಡಿ ಕೊಟ್ಟುಬಿಡುತ್ತಾರೆ, ಅಲ್ಲಿಗೆ ಆ ಗುಂಪಿನ ಪಾಠ ಮುಗಿಯಿತು. ಅದರ ಬದಲು ಒಂದು ಮಲ್ಟಿಮೀಟರ್ ಕೊಟ್ಟು ಕೇಳುತ್ತ ಹೋಗಿ. ಸೆಲ್ಲಿನಲ್ಲಿ ಎಷ್ಟು ವೋಲ್ಟ್? ಸುರುಳಿಯನ್ನು ಹೊರತೆಗೆದು ಎರಡು ತುದಿಗೆ ಮೀಟರಿನ ಕಡ್ಡಿ ಮುಟ್ಟಿಸಿದರೆ ಬೀಪ್ ಬರುತ್ತದೆಯೇ? ಅರ್ಧ ಕೆರೆದ ತುದಿಯ ಇನ್ನೊಂದು ಮೈಗೆ ಮುಟ್ಟಿಸಿದರೆ ಬೀಪ್ ನಿಲ್ಲುತ್ತದೆಯೇ? ಸುರುಳಿಯನ್ನು ಹೊರಗೆ ತೆಗೆಯಲೇಬೇಕು, ಸೆಲ್ ಸೇರಿಕೊಂಡಿದ್ದರೆ ಬೀಪ್ ನಂಬುವಂತಿಲ್ಲ. ವಿದ್ಯುತ್ತಿನ ದಾರಿ ಸರಿಯಿದ್ದರೆ ಮುಂದಿನದು ಯಾಂತ್ರಿಕ ದೋಷ: ಬೆರಳಲ್ಲಿ ಮೆಲ್ಲಗೆ ತಳ್ಳಿದರೆ ನಾಲ್ಕು ಸುತ್ತಾದರೂ ಸಲೀಸಾಗಿ ತಿರುಗುತ್ತದೆಯೇ, ಇಲ್ಲ ಯಾವಾಗಲೂ ಒಂದೇ ಬದಿ ಕೆಳಗೆ ಬಂದು ನಿಲ್ಲುತ್ತದೆಯೇ? ಒಂದೇ ಬದಿ ಕೆಳಗೆ ಬಂದರೆ ತೂಕ ಸಮನಾಗಿಲ್ಲ. ಸುರುಳಿಗೂ ಅಯಸ್ಕಾಂತಕ್ಕೂ ನಡುವೆ ಮೂರರಿಂದ ಐದು ಮಿಲಿಮೀಟರ್ ಅಂತರ ಸಾಕು, ಒಂದು ಸೆಂಟಿಮೀಟರ್ ದಾಟಿದರೆ ಬಲ ಸಾಲದು. ಕೊನೆಯದಾಗಿ ಪಿನ್ನು ನೋಡಿ. ಬಣ್ಣದ ಲೇಪವಿರುವ ಪಿನ್ನುಗಳಲ್ಲಿ ವಿದ್ಯುತ್ ದಾಟುವುದೇ ಇಲ್ಲ, ಕಣ್ಣಿನ ಒಳಗೂ ಒಮ್ಮೆ ಉಜ್ಜಬೇಕು. ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಸುರುಳಿ ನಿಂತಲ್ಲೇ ಇದ್ದರೆ ತೆಗೆಸಿಬಿಡಿ, ಸೆಲ್ ಬಿಸಿಯಾಗಿ ಸತ್ತುಹೋಗುತ್ತದೆ.

ಪ್ರತಿ ಗುಂಪೂ ಒಂದು ಹಾಳೆಯಲ್ಲಿ ಬರೆಯಲಿ: ಏನು ಕಂಡೆವು, ಏನೆಂದು ಊಹಿಸಿದೆವು, ಏನು ಬದಲಿಸಿದೆವು, ಏನಾಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಒಟ್ಟಿಗೆ ಮೂರು ಬದಲಿಸಿ ಓಡಿಸಿದರೆ ಯಾವುದರಿಂದ ಓಡಿತೆಂದು ಯಾರಿಗೂ ತಿಳಿಯುವುದಿಲ್ಲ. ಕಾರ್ಖಾನೆಯಲ್ಲಿ, ಸಬ್‌ಸ್ಟೇಷನ್ನಿನಲ್ಲಿ, ಸಾಫ್ಟ್‌ವೇರಿನಲ್ಲಿ ದಿನವೂ ನಡೆಯುವ ಕೆಲಸ ಇದೇ, ಮತ್ತು ಇದನ್ನು ಆ ಮಕ್ಕಳು ಈಗಷ್ಟೇ ಮಾಡಿದರು ಎಂದು ಅವರಿಗೆ ಹೇಳಬೇಕು.

ಒಂದು ಎಚ್ಚರಿಕೆ. ಹುಡುಗ ಹುಡುಗಿಯರ ಮಿಶ್ರ ಗುಂಪಿನಲ್ಲಿ ಸಾಮಾನು ಹುಡುಗರ ಕೈಗೆ, ಪೆನ್ನು ಹುಡುಗಿಯರ ಕೈಗೆ ತಾನಾಗಿಯೇ ಹೋಗುತ್ತದೆ. ಸುತ್ತುವವರು, ಕೆರೆಯುವವರು, ಮೀಟರ್ ಹಿಡಿಯುವವರು, ಬರೆಯುವವರು ಎಂದು ನಾಲ್ಕು ಕೆಲಸ ಹಂಚಿ, ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಬದಲಿಸಿ. ಬಾಯಲ್ಲಿ ಸಮಾನತೆ ಹೇಳುವುದಕ್ಕಿಂತ ಇದು ಕೆಲಸ ಮಾಡುತ್ತದೆ.

ಬೋರ್‌ವೆಲ್ಲಿನ ಲೆಕ್ಕ

ಮೋಟಾರು ತಿರುಗಿದ ಮೇಲೆ ಉಳಿಯುವ ಇಪ್ಪತ್ತು ನಿಮಿಷ ಕಪ್ಪು ಹಲಗೆಗೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಮಕ್ಕಳಿಗೆ ಸಾವಿರ ಅಡಿ ಬೋರ್‌ವೆಲ್ ಹೊಸ ಮಾತಲ್ಲ. ನೀರಿನ ಮಟ್ಟ ಸಾವಿರ ಅಡಿ ಕೆಳಗಿದೆ, ಸೆಕೆಂಡಿಗೆ ಒಂದು ಲೀಟರ್ ಮೇಲೆ ಬರಬೇಕು, ಎಷ್ಟು ಎಚ್‌ಪಿ ಪಂಪು ಬೇಕು ಎಂದು ಕೇಳಿ. ಸಾವಿರ ಅಡಿ ಅಂದರೆ 305 ಮೀಟರ್. ಒಂದು ಲೀಟರ್ ಒಂದು ಕಿಲೊ. 9ನೇ ತರಗತಿಯಲ್ಲಿ ಕಲಿಯುವ ಪ್ರಚ್ಛನ್ನ ಶಕ್ತಿಯ ಸೂತ್ರದಂತೆ 1 × 9.8 × 305, ಅಂದರೆ ಸೆಕೆಂಡಿಗೆ ಸುಮಾರು 2990 ಜೂಲ್, ಹತ್ತಿರ ಹತ್ತಿರ ಮೂರು ಕಿಲೊವ್ಯಾಟ್. ಪಂಪು, ಮೋಟಾರು, ಪೈಪಿನ ಘರ್ಷಣೆ ಎಲ್ಲ ಕಳೆದು ನೂರಕ್ಕೆ ನಲವತ್ತು ಮಾತ್ರ ನೀರಿಗೆ ತಲುಪುತ್ತದೆ ಎಂದಿಟ್ಟುಕೊಂಡರೆ ಏಳೂವರೆ ಕಿಲೊವ್ಯಾಟ್ ಬೇಕು. ಒಂದು ಎಚ್‌ಪಿ ಅಂದರೆ 746 ವ್ಯಾಟ್, ಅದರಿಂದ ಭಾಗಿಸಿದರೆ ಹತ್ತು ಎಚ್‌ಪಿ. ನೀರು ಮುನ್ನೂರು ಅಡಿಯಲ್ಲಿದ್ದಿದ್ದರೆ ಮೂರು ಎಚ್‌ಪಿ ಸಾಕಿತ್ತು. ಅಂತರ್ಜಲ ಇಳಿದರೆ ಯಾಕೆ ದೊಡ್ಡ ಪಂಪು ಇಳಿಸಬೇಕಾಗುತ್ತದೆ ಎನ್ನುವುದು ಒಂದು ಗುಣಾಕಾರದಲ್ಲಿ ಬಯಲಾಗುತ್ತದೆ.

ರೈತರ ಮನೆಯ ಮಕ್ಕಳಿಗೆ ಗೊತ್ತಿರುವ ಇನ್ನೊಂದು ಮಾತು ಎರಡಿಂಚು ನೀರು, ನಾಲ್ಕಿಂಚು ನೀರು. ಕೊರೆಯುವ ದಿನ ತಗಡಿನಲ್ಲಿ ಕತ್ತರಿಸಿದ ವಿ ಆಕಾರದ ಕಂಡಿಯಿಂದ ನೀರು ಹಾಯಿಸಿ, ಅದರ ಎತ್ತರವನ್ನು ಇಂಚಿನಲ್ಲಿ ಅಳೆಯುತ್ತಾರೆ. 90 ಡಿಗ್ರಿಯ ಕಂಡಿಯಾದರೆ ಎರಡಿಂಚು ಅಂದರೆ ಸೆಕೆಂಡಿಗೆ ಸುಮಾರು 0.8 ಲೀಟರ್. ಹಾಗಾದರೆ ನಾಲ್ಕಿಂಚು ಎಷ್ಟು? ಇಡೀ ತರಗತಿ ಎರಡು ಪಟ್ಟು ಎನ್ನುತ್ತದೆ. ತ್ರಿಕೋನದ ಎತ್ತರ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟು. ಎತ್ತರ ಹೆಚ್ಚಿದ್ದರಿಂದ ನೀರು ಹರಿಯುವ ವೇಗವೂ ಎರಡರ ವರ್ಗಮೂಲದಷ್ಟು, ಅಂದರೆ 1.41 ಪಟ್ಟು, ಹೆಚ್ಚುತ್ತದೆ. ಒಟ್ಟು ಐದೂವರೆ ಪಟ್ಟಿಗಿಂತ ಹೆಚ್ಚು, ಸೆಕೆಂಡಿಗೆ ನಾಲ್ಕೂವರೆ ಲೀಟರ್. ಮನೆಪಾಠವಾಗಿ 15 ಲೀಟರಿನ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಹಿಡಿಯುತ್ತದೆಂದು ತಮ್ಮ ಪಂಪಿನಲ್ಲಿ, ಊರಿನ ನಲ್ಲಿಯಲ್ಲಿ ಅಳೆದು ಬರಲಿ. ಅಳತೆ ಮಾಡಿದವರಿಗೆ ಗಣಿತದ ಮೇಲಿನ ಅಂಜಿಕೆ ಸ್ವಲ್ಪವಾದರೂ ಸಡಿಲವಾಗುತ್ತದೆ, ಮತ್ತು ಎಂಜಿನಿಯರಿಂಗ್ ಬಾಗಿಲು ಮುಚ್ಚುವುದು ಬಹಳ ಸಲ ಆ ಅಂಜಿಕೆಯಿಂದಲೇ.

ಕೋಲಾರದ ಕಡೆ ಹೋದರೆ ಶಿವನಸಮುದ್ರವನ್ನು ಮರೆಯಬೇಡಿ. 1902ರಲ್ಲಿ ಕಾವೇರಿಯ ಜಲವಿದ್ಯುತ್ತು ಸುಮಾರು 147 ಕಿಲೊಮೀಟರ್ ತಂತಿಯಲ್ಲಿ ಹರಿದು ಬಂದದ್ದು ಕೆಜಿಎಫ್ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಮಂಡ್ಯ, ಮೈಸೂರಿನ ಕಡೆಯಾದರೆ ಕನ್ನಂಬಾಡಿ ಕಟ್ಟೆ ಇದ್ದೇ ಇದೆ. ಮಹಿಳಾ ಎಂಜಿನಿಯರುಗಳ ಮಾತು ಬಂದಾಗ ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಕಲಿಸಿದ ರಾಜೇಶ್ವರಿ ಚಟರ್ಜಿ, 1943ರಲ್ಲಿ ಮದರಾಸಿನ ಗಿಂಡಿ ಕಾಲೇಜಿನಿಂದ ಎಲೆಕ್ಟ್ರಿಕಲ್ ಪದವಿ ಪಡೆದ ಎ. ಲಲಿತಾ ಇಬ್ಬರನ್ನೂ ಹೇಳಬಹುದು. ಲಲಿತಾ ಹದಿನೆಂಟಕ್ಕೆ ವಿಧವೆಯಾಗಿ, ಕೈಗೂಸಿನೊಂದಿಗೆ ಓದಿಗೆ ಮರಳಿದವರು. ಇಷ್ಟಾದರೂ, ಅದೇ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಓದಿ ಡಿಪ್ಲೊಮಾ ಮುಗಿಸಿ ಕೆಲಸದಲ್ಲಿರುವ ಒಬ್ಬ ಹುಡುಗಿಯನ್ನು ಜೊತೆಗೆ ಕರೆದೊಯ್ದರೆ ಅದರ ಬಲ ಯಾವ ಭಾವಚಿತ್ರಕ್ಕೂ ಇಲ್ಲ ಎನ್ನುವುದು ನನ್ನ ನಂಬಿಕೆ.

ಎರಡನೇ ಭೇಟಿಗೆ ಕಾಗದದ ತೊಲೆ ಒಳ್ಳೆಯದು. ಎರಡು ಇಟ್ಟಿಗೆಗಳ ನಡುವೆ 20 ಸೆಂಟಿಮೀಟರ್ ಅಂತರ, ಅದನ್ನು ದಾಟುವ ತೊಲೆ ಕಟ್ಟಲು ಗುಂಪಿಗೆ ಎರಡು ಎ4 ಹಾಳೆ, 30 ಸೆಂಟಿಮೀಟರ್ ಸೆಲೊಟೇಪ್. ನಡುವೆ ದಾರದಲ್ಲಿ ಬಾಟಲಿ ನೇತುಹಾಕಿ ನೂರು ನೂರು ಮಿಲಿಲೀಟರ್ ನೀರು ಸುರಿಯಿರಿ, ಪ್ರತಿ ಸುರಿತಕ್ಕೂ ನೂರು ಗ್ರಾಮ್ ಭಾರ. ದಾರ ಕಾಗದವನ್ನು ಕೊಯ್ದು ತೊಲೆ ಬೇಗ ಬಿದ್ದುಹೋಗುವುದು ಮಾಮೂಲಿ ತೊಂದರೆ, ದಾರದ ಕೆಳಗೆ ಎರಡು ಸೆಂಟಿಮೀಟರ್ ಅಗಲದ ರಟ್ಟಿನ ತುಂಡು ಇಡಿಸಿ. ಯಾರದು ಹೆಚ್ಚು ಹೊತ್ತಿತು ಎನ್ನುವುದಕ್ಕಿಂತ ಎಲ್ಲಿ ಮೊದಲು ಮಡಚಿತು ಎಂದು ಕೇಳಿ. ಸಾಮಾನ್ಯವಾಗಿ ಮೇಲ್ಮೈ ಒತ್ತಡಕ್ಕೆ ಸುಕ್ಕಾಗಿ ಸೋಲುತ್ತದೆ, ಕೆಳಮೈ ಹರಿಯುವುದಿಲ್ಲ. ಅದೇ ಹಾಳೆಯಲ್ಲಿ ಮತ್ತೊಂದು ಸಲ ಮಾಡಲು ಅವಕಾಶ ಕೊಡಲೇಬೇಕು. ಒಂದೇ ಸುತ್ತಿನಲ್ಲಿ ಮುಗಿಸಿದರೆ ಅದು ಸ್ಪರ್ಧೆಯಷ್ಟೇ ಆಗುತ್ತದೆ.

ದಾರಿ ಹೇಳುವಾಗ ತಪ್ಪು ಹೇಳಬೇಡಿ

ನಗರದ ಎಂಜಿನಿಯರುಗಳು ತಾವು ಬಂದ ದಾರಿಯೊಂದನ್ನೇ ಹೇಳುತ್ತಾರೆ: ಪಿಯು, ಸಿಇಟಿ, ಬಿಇ. ಆ ದಾರಿಯಲ್ಲೂ ಒತ್ತಿ ಹೇಳಬೇಕಾದದ್ದು ಪಿಯುನಲ್ಲಿ ಗಣಿತ ಇರಲೇಬೇಕು ಎನ್ನುವುದು. ಗಣಿತ ಬಿಟ್ಟು ವಿಜ್ಞಾನ ತೆಗೆದುಕೊಂಡು, ಎರಡು ವರ್ಷದ ನಂತರ ಬಿಇಗೆ ಅರ್ಹತೆಯಿಲ್ಲ ಎಂದು ಗೊತ್ತಾಗುವುದು ನೋವಿನ ಸಂಗತಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುನ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಎನ್ನುವುದನ್ನೂ ತಿಳಿಸಿ.

ಎಸ್‌ಎಸ್‌ಎಲ್‌ಸಿ ನಂತರ ನೇರ ಪಾಲಿಟೆಕ್ನಿಕ್ ಸೇರಿದರೆ ಮೂರು ವರ್ಷದ ಡಿಪ್ಲೊಮಾ, ಅಲ್ಲಿಂದ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ದಾರಿಯಿದೆ. ಸರ್ಕಾರಿ ತರಬೇತಿ ಸಂಸ್ಥೆಯಾದ ಜಿಟಿಟಿಸಿಯ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾಕ್ಕೂ ಎಸ್‌ಎಸ್‌ಎಲ್‌ಸಿ ಸಾಕು. ಮನೆಯಲ್ಲಿ ಬೇಗ ದುಡಿಮೆ ಬೇಕಿರುವ ಮಗುವಿಗೆ ಡಿಪ್ಲೊಮಾ ಎರಡನೇ ದರ್ಜೆಯ ಆಯ್ಕೆ ಎಂಬಂತೆ ಮಾತಾಡಬೇಡಿ. ಮೂರು ವರ್ಷಕ್ಕೆ ಕೈಯಲ್ಲಿ ಕೆಲಸ, ಮುಂದೆ ಓದುವ ಬಾಗಿಲೂ ತೆರೆದಿರುತ್ತದೆ.

ದುಡ್ಡಿನ ಪ್ರಶ್ನೆ ಮಕ್ಕಳು ಬಾಯಿಬಿಟ್ಟು ಕೇಳುವುದಿಲ್ಲ, ನೀವೇ ಎತ್ತಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಪ್ರಗತಿ ವಿದ್ಯಾರ್ಥಿವೇತನ ಡಿಪ್ಲೊಮಾ ಮತ್ತು ಪದವಿ ಸೇರಿದ ಹುಡುಗಿಯರಿಗೆ ವರ್ಷಕ್ಕೆ 50,000 ರೂಪಾಯಿ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರವರೆಗೆ. ಅರ್ಜಿಗೆ ಕೊನೆಯ ದಿನ, ಷರತ್ತು ವರ್ಷ ವರ್ಷ ಬದಲಾಗಬಹುದಾದ್ದರಿಂದ ಹೋಗುವ ವಾರ ಜಾಲತಾಣದಲ್ಲಿ ಮತ್ತೆ ನೋಡಿಕೊಳ್ಳಿ. ಸಿಇಟಿ ಪ್ರವೇಶದಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದ ಮೀಸಲಾತಿ ಎರಡೂ ಇವೆ. 1ರಿಂದ 10ನೇ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ ಮೇಲುಸಹಿ ಬೇಕು. ನಡುವೆ ಶಾಲೆ ಬದಲಿಸಿದ ಮಕ್ಕಳು ಎರಡು ಮೂರು ಕಡೆ ಓಡಾಡಬೇಕಾಗುತ್ತದೆ, ಅದಕ್ಕೇ 10ನೇ ತರಗತಿಯಲ್ಲೇ ತೆಗೆದಿಟ್ಟುಕೊಳ್ಳಲು ಹೇಳಿ. ಇಷ್ಟನ್ನೂ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಮನೆಗೆ ಕಳಿಸಿ, ತೀರ್ಮಾನ ತೆಗೆದುಕೊಳ್ಳುವವರು ಅಲ್ಲಿದ್ದಾರೆ.

ಭೇಟಿಯಿಂದ ಏನಾಯಿತು ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಶುರುವಿನಲ್ಲಿ ಐದು ನಿಮಿಷ ಕೊಟ್ಟು, ಎಂಜಿನಿಯರ್ ಕೆಲಸ ಮಾಡುತ್ತಿರುವ ಚಿತ್ರ ಬಿಡಿಸಲು ಹೇಳಿ, ಹೆಸರು ಬರೆಸಬೇಡಿ. ಎರಡನೇ ಭೇಟಿಯ ಕೊನೆಗೆ ಮತ್ತೊಮ್ಮೆ ಬಿಡಿಸಲಿ. ಚಿತ್ರದಲ್ಲಿ ಹೆಂಗಸರಿದ್ದಾರೆಯೇ, ಕೈಯಲ್ಲಿ ಏನಿದೆ, ಒಬ್ಬರೇ ಇದ್ದಾರೆಯೇ, ಅಳೆಯುವ ಸಾಧನ ಕಾಣುತ್ತದೆಯೇ ಎಂದು ಶಿಕ್ಷಕರ ಜೊತೆ ಕೂತು ಎರಡನ್ನೂ ಹೋಲಿಸಿ. ಅಮೆರಿಕದ ಶಿಕ್ಷಣ ಸಂಶೋಧಕರು ಇದೇ ಬಗೆಯ ಚಿತ್ರ ಪರೀಕ್ಷೆ ಬಳಸುತ್ತಾರೆ.

ಹೊರಡುವಾಗ ಉಳಿದ ತಂತಿ, ಅಯಸ್ಕಾಂತಗಳು, ಒಂದು ಮಲ್ಟಿಮೀಟರ್ ಮತ್ತು ದೋಷ ಹುಡುಕುವ ಕ್ರಮ ಬರೆದ ಒಂದು ಹಾಳೆಯನ್ನು ವಿಜ್ಞಾನ ಶಿಕ್ಷಕರಿಗೆ ಕೊಟ್ಟುಬನ್ನಿ. ಸೆಲ್ಲುಗಳನ್ನು ತಂತಿಯ ಜೊತೆ ಒಂದೇ ಡಬ್ಬಿಯಲ್ಲಿ ಇಡಬಾರದು ಎಂದು ಹೇಳಿ. ಮಕ್ಕಳ ಮುಂದಿನ ಪ್ರಶ್ನೆಗಳು ಶಿಕ್ಷಕರ ಮೂಲಕವೇ ಬರಲಿ, ಬಂದವಕ್ಕೆ ಒಂದು ವಾರದೊಳಗೆ ಬರೆದು ಉತ್ತರಿಸಿ. ಎರಡನೇ ಭೇಟಿಯ ದಿನಾಂಕವನ್ನು ಗೇಟು ದಾಟುವ ಮೊದಲೇ ಮುಖ್ಯ ಶಿಕ್ಷಕರ ಡೈರಿಯಲ್ಲಿ ಬರೆಸಿ, ಮತ್ತು ಹೊಸ ತರಗತಿಯ ಬದಲು ಅದೇ ಮಕ್ಕಳನ್ನೇ ಕೇಳಿ.